ಬಾಡಿಗೆಯ ‘ನಾನು’

ನನ್ನ ನಾಲಿಗೆಗೆ ಗಂಟೆಗಿಷ್ಟು ಎಂದು ಕೂಲಿ.
ನಗರಸಭೆಯ ಹಾಳೆಗೆ ಸಹಿ ಹಾಕಿ
ಗ್ರಂಥಾಲಯದ ನೆಲಮಾಳಿಗೆಗೆ ಇಳಿದೆ.
ಎಪ್ಪತ್ತು ಕುರ್ಚಿ, ಅದಕ್ಕೆ ಎರಡರಷ್ಟು ಜನ,
ಕಿವಿಗೆ ಸಿಕ್ಕಿಸುವ ಯಂತ್ರ ಮಾತ್ರ ಹದಿನೆಂಟು.

ದುಭಾಷಿಯ ಕಸುಬಿಗೆ ನಿಯಮ ಒಂದೇ:
ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು.
‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ.

ಮೇಜಿನ ಮೇಲೆ ರಟ್ಟಿನ ಕಟ್ಟಡ.
ರೈಲುಹಳಿ ಪಕ್ಕದ ಹಳೇ ಮಂಜುಗಡ್ಡೆ ಕಾರ್ಖಾನೆ
ಇನ್ನು ಮುಂದೆ ಲ್ಯಾಟಿನೋ ಸಂಸ್ಕೃತಿ ಕೇಂದ್ರ.
ಬೆಂಕಿಕಡ್ಡಿಯಷ್ಟು ಮನುಷ್ಯರು, ಸ್ಪಂಜಿನ ಮರಗಳು.
ಇಲಾಖೆಯ ಹುಡುಗಿ ಕೆಂಪು ಬೆಳಕು ಬಿಟ್ಟು ತೋರಿಸಿದಳು:
ಇನ್ನೂರು ಆಸನದ ರಂಗಮಂದಿರ, ಗ್ಯಾಲರಿ, ಕಚೇರಿ,
ಕಾರು ನಿಲ್ಲಿಸಲು ಅರವತ್ತೆರಡು ಜಾಗ.
ಅಷ್ಟನ್ನೂ ಸ್ಪಾನಿಷ್ ಮಾಡಿ ಸುರಿದೆ. ಯಾರೂ ಕೆಮ್ಮಲಿಲ್ಲ.

ಆಮೇಲೆ ಕ್ರಿಸಾಂತೋ ಒಲ್ಗೀನ್ ಎದ್ದ,
ಎಂಬತ್ತರ ಆಸುಪಾಸು, ಟೋಪಿ ಕಂಕುಳಲ್ಲಿ.
ನಾನು ಹೇಳಿದೆ: ಹನ್ನೊಂದು ವರ್ಷ ನಾನಲ್ಲಿ ಮಂಜುಗಡ್ಡೆ ಹೊತ್ತೆ.
ನನ್ನ ಎಡಗೈಯ ಎರಡು ಬೆರಳು ಈಗಲೂ ಅಲ್ಲೇ ಇವೆ.
ಇಲಾಖೆಯವರು ಥಟ್ಟನೆ ನನ್ನ ಕೈ ನೋಡಿದರು.
ಹತ್ತೂ ನೆಟ್ಟಗಿದ್ದವು;
ಮೇಜಿನ ಕೆಳಗೆ ಬಚ್ಚಿಟ್ಟುಕೊಂಡೆ.

ನೆರೇಯ್ಡಾ ಸಿಂತ್ರೋನ್ ಮೈಕು ಕಿತ್ತುಕೊಂಡಳು.
ನಾನು ಕೇಳಿದೆ: ಅಡಿಗೆಮನೆ ಎಲ್ಲಿ?
ಒಲೆಯಿಲ್ಲದ ಸಂಸ್ಕೃತಿ ಯಾರಪ್ಪನದು?
ಉತ್ತರವನ್ನೂ ನಾನೇ ಕೊಟ್ಟೆ, ಇಲಾಖೆಯ ಹುಡುಗಿಯಾಗಿ:
ಜಿಡ್ಡು ಹಿಡಿಯುವ ಕೊಳವೆ ದುಬಾರಿ, ಆರೋಗ್ಯ ಶಾಖೆಯ ಒಪ್ಪಿಗೆ ಬೇಕು,
ತಂದದ್ದನ್ನು ಬಿಸಿಮಾಡಲು ಒಂದು ಕಟ್ಟೆ ಕೊಡಬಹುದು.
ನನ್ನನ್ನು ನಾನೇ ದುರುಗುಟ್ಟಿದೆ.

ಹೆಸರಿನ ಜಗಳ ಮುಕ್ಕಾಲು ಗಂಟೆ.
ಹಿಸ್ಪಾನಿಕ್ ಅಂದರೆ ಸ್ಪೇನಿನ ಚಾವಟಿ ಕೇಳಿಸುತ್ತದೆ ಅಂದೆ.
ಲ್ಯಾಟಿನೋ ಅಂದರೆ ನನ್ನ ಮಗಳು ಹೊಸಲಾಚೆ ಉಳಿಯುತ್ತಾಳೆ ಅಂದೆ.
ಏನಾದರೂ ಕರೆಯಿರಿ, ಕಕ್ಕಸಿನಲ್ಲಿ ನೀರು ಬರಲಿ ಅಂದೆ
(ಚಪ್ಪಾಳೆ ಬಿತ್ತು; ನನಗಲ್ಲ).
ಭಾನುವಾರ ಬೀಗ ಹಾಕಿದರೆ ಯಾರಿಗಾಗಿ ಈ ಕೇಂದ್ರ ಅಂದೆ.
ನಗರದ ನೌಕರರಿಗೂ ಭಾನುವಾರ ಬರುತ್ತದೆ ಅಂದೆ.
ನನಗೂ ಒಂದು ಮಾತಿತ್ತು.
ಅದಕ್ಕೆ ದರ ನಿಗದಿಯಾಗಿಲ್ಲ.

ಕೊನೆಯ ಸಾಲಿನಿಂದ ತೋಮಾಸಾ ಇಶ್ಕೋಯ್ ಬಂದಳು.
ಕೋಳಿ ಕಾರ್ಖಾನೆಯ ರಬ್ಬರ್ ಬೂಟು ಇನ್ನೂ ಕಾಲಲ್ಲಿ.
ಮಾತಾಡಿದಳು.
ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.
ಅದು ಸ್ಪಾನಿಷ್ ಅಲ್ಲ, ಗ್ವಾಟೆಮಾಲಾದ ಬೆಟ್ಟಗಳ ಕಿಚೆ,
ಗಂಟಲೊಳಗೆ ಬೀಜ ಒಡೆಯುವಂಥ ಸದ್ದು.
ಆ ಸಂಜೆ ಮೊದಲ ಸಲ
ನಾನು ಯಾರೂ ಆಗಿರಲಿಲ್ಲ.

ಹನ್ನೆರಡರ ಮೊಮ್ಮಗ ಅದನ್ನು ಸ್ಪಾನಿಷ್‌ಗೆ ಹೊಯ್ದ,
ನಾನು ಇಂಗ್ಲಿಷ್‌ಗೆ.
ಮೂರು ಕೊಡ ಬದಲಾಗಿ ಬಂದ ನೀರು ಇಷ್ಟು:
ನಿಮ್ಮ ಬಾಗಿಲು ದೊಡ್ಡ ರಸ್ತೆಗೆ ಮುಖ ಮಾಡಿದೆ.
ನಾವು ಬರುವುದು ಹಳಿ ದಾಟಿ, ಹಿಂದಿನಿಂದ, ನಡೆದು.
ಅಲ್ಲಿ ನೀವು ಗೋಡೆ ಬರೆದಿದ್ದೀರಿ.

ಊರಿಗೆ ಬಂದವಳು ನೀರಿಗೆ ಬಾರಳೇ? ಬರುತ್ತಾಳೆ.
ಯಾವ ದಾರಿಯಿಂದ ಅಂತ ಗಾದೆ ಹೇಳುವುದಿಲ್ಲ.

ರಟ್ಟಿನ ಕಟ್ಟಡವನ್ನು ಯಾರೋ ತಿರುಗಿಸಿದರು;
ಒಂದು ಸ್ಪಂಜಿನ ಮರ ಉರುಳಿತು.
ಕ್ರಿಸಾಂತೋನ ಮೂರು ಬೆರಳು ಹಿಂಗೋಡೆಯ ಮೇಲೆ ಬಂದು ನಿಂತವು.
ನಾನು ಹೇಳಿದೆ: ಇಲ್ಲಿ ಬಾಗಿಲಿತ್ತು,
ಮಂಜುಗಡ್ಡೆ ರೈಲಿಗೆ ಜಾರುತ್ತಿದ್ದ ಬಾಗಿಲು.
ಕಾರ್ಖಾನೆ ನಿಂತ ವಾರ ಇಟ್ಟಿಗೆಯಿಟ್ಟು ಮುಚ್ಚಿದವನೂ ನಾನೇ.
ಗಾರೆ ಸರಿಯಾಗಿ ಕಲಸಿರಲಿಲ್ಲ.
ಒದ್ದರೆ ಬೀಳುತ್ತದೆ.

‘ಪರಿಶೀಲಿಸಲಾಗುವುದು’ ಎಂದರು ಇಲಾಖೆಯವರು.
ಅದನ್ನೂ ಹೇಳಿದೆ, ಮುಖ ಅಲುಗಿಸದೆ.

ಯಂತ್ರಗಳನ್ನು ಎಣಿಸಿದೆ: ಹದಿನೇಳು.
ಒಂದು ಯಾರದೋ ಕಿವಿಯಲ್ಲಿ ಮನೆಗೆ ಹೋಗಿದೆ.
ಹಾಳೆ ತುಂಬಿದೆ. ಅವಧಿ: ಮೂರು ಗಂಟೆ.
ಬಳಸಿದ ಭಾಷೆಗಳು: ಎರಡು.
ಆ ಹುಡುಗನ ಕೂಲಿ ಯಾವ ಕಾಲಮ್ಮಿನಲ್ಲಿ ಬರೆಯಲಿ
ಎಂದು ಕೇಳಲು ತಿರುಗಿದೆ.
ದೀಪ ಒಂದೊಂದಾಗಿ ಆರಿಸುತ್ತಿದ್ದರು.